ಜ್ವರವೆಲ್ಲ ಸೋಂಕಲ್ಲ

ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ನೋಡಲು ಆಸ್ಪತ್ರೆಗೆ ಹೋದಾಗ ಐಸಿಯು ಹೊರಗೆ ನಾನು ಮತ್ತೆ ಮತ್ತೆ ಕೇಳುವ ಮಾತು: "ಜ್ವರ ಬಂದಿದೆಯಂತೆ, ಇನ್‌ಫೆಕ್ಷನ್ ಆಗಿರಬೇಕು." ಇನ್ನೊಂದು ಮಾತು: "ದಿನಾ ಯಾಕೆ ರಕ್ತ ತೆಗೆಯುತ್ತಾರೆ?" ಜೀವಶಾಸ್ತ್ರ ಕಲಿಸುವವನಾಗಿ ಎರಡಕ್ಕೂ ಉತ್ತರ ಹೇಳಬೇಕೆನಿಸಿದೆ.

ರೋಗಿಯ ಪ್ರಜ್ಞೆಯನ್ನು ಅಳೆಯಲು ವೈದ್ಯರು 1974ರಲ್ಲಿ ಬಂದ ಗ್ಲಾಸ್ಗೋ ಕೋಮಾ ಮಾಪಕವನ್ನು ಬಳಸುತ್ತಾರೆ. ಅದರಲ್ಲಿ 3ರಿಂದ 15 ಅಂಕ. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಾಯ ತೀವ್ರ. ಇಂಥವರಿಗೆ ಸಾಮಾನ್ಯವಾಗಿ ವೆಂಟಿಲೇಟರ್ ಬೇಕಾಗುತ್ತದೆ. ಗಂಟಲಲ್ಲಿ ಕೊಳವೆ ಇರುವುದರಿಂದ ಕೆಮ್ಮಿ ಕಫ ಹೊರಹಾಕಲಾಗದು, ನ್ಯುಮೋನಿಯಾ ಸುಲಭವಾಗಿ ಬರುತ್ತದೆ. ಎದೆ ನೋಯುತ್ತಿದೆ ಎಂದು ಹೇಳಲು ರೋಗಿಗೆ ಎಚ್ಚರವೂ ಇಲ್ಲ. ಆದರೆ ದೇಹದ ಉಷ್ಣತೆಯನ್ನು ನಿಯಂತ್ರಿಸುವ ಹೈಪೋಥಲಾಮಸ್‌ಗೆ ಪೆಟ್ಟಾದರೆ ರೋಗಾಣು ಇಲ್ಲದೆಯೂ ಜ್ವರ ಏರುತ್ತದೆ. ಗಾಯದ ಒತ್ತಡಕ್ಕೇ ಬಿಳಿರಕ್ತಕಣಗಳೂ ಹೆಚ್ಚುತ್ತವೆ.

ಆಗ ಸಹಾಯಕ್ಕೆ ಬರುವುದು ರಕ್ತದ ಸೂಚಕಗಳು. ಮೊದಲನೆಯದು ಸಿಆರ್‌ಪಿ. 1930ರಲ್ಲಿ ಪತ್ತೆಯಾದ ಈ ಪ್ರೋಟೀನನ್ನು ಯಕೃತ್ತು ತಯಾರಿಸುತ್ತದೆ. ಸೋಂಕಿನಂತೆ ಗಾಯ, ಶಸ್ತ್ರಚಿಕಿತ್ಸೆಗಳಿಂದಲೂ ಇದು ಏರಿ, ಸುಮಾರು ಎರಡು ದಿನಗಳಲ್ಲಿ ತುದಿ ಮುಟ್ಟುತ್ತದೆ. ಆಮೇಲೆ ಇಳಿಯಬೇಕು. ಇಳಿಯುತ್ತಿದ್ದದ್ದು ಮತ್ತೆ ಏರಿದರೆ ಸೋಂಕನ್ನು ಹುಡುಕಬೇಕು.

ಎರಡನೆಯದು ಪ್ರೊಕ್ಯಾಲ್ಸಿಟೋನಿನ್. ಥೈರಾಯ್ಡ್ ಪಾಠದಲ್ಲಿ ನೀವು ಓದುವ ಕ್ಯಾಲ್ಸಿಟೋನಿನ್ ಹಾರ್ಮೋನಿನ ಪೂರ್ವರೂಪವಿದು. 116 ಅಮೈನೋ ಆಮ್ಲಗಳ ಸರಪಳಿ. ಆರೋಗ್ಯವಂತರ ರಕ್ತದಲ್ಲಿ ಇದು ಬಹಳ ಅತ್ಯಲ್ಪ. ಬ್ಯಾಕ್ಟೀರಿಯಾ ಸೋಂಕು ತೀವ್ರವಾದಾಗ ಥೈರಾಯ್ಡ್ ಮಾತ್ರವಲ್ಲ, ಯಕೃತ್ತು, ಶ್ವಾಸಕೋಶ ಮೊದಲಾದ ಅಂಗಗಳೂ ಇದನ್ನು ಉತ್ಪಾದಿಸುತ್ತವೆ. ಕೆಲವೇ ಗಂಟೆಗಳಲ್ಲಿ ಮಟ್ಟ ಏರುತ್ತದೆ. ವೈರಸ್ ಸೋಂಕಿನಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಆದರೆ ದೊಡ್ಡ ಗಾಯಗಳಾದಾಗ ಮೊದಲ ದಿನಗಳಲ್ಲಿ ಇದೂ ಹೆಚ್ಚಬಹುದು.

ಹಾಗಾಗಿ ಯಾವ ಒಂದು ಅಂಕಿಯೂ ತೀರ್ಪಲ್ಲ, ಸುಳಿವು ಮಾತ್ರ. ಕಫ, ಮೂತ್ರ, ರಕ್ತದ ಕಲ್ಚರ್ ಮತ್ತು ಎದೆಯ ಎಕ್ಸ್‌ರೇಗಳನ್ನು ಒಟ್ಟಿಗೆ ನೋಡಿಯೇ ವೈದ್ಯರು ನಿರ್ಧರಿಸುತ್ತಾರೆ. ಸೋಂಕನ್ನು ತಡವಾಗಿ ಗುರುತಿಸಿದರೆ ರಕ್ತದೊತ್ತಡ, ಆಮ್ಲಜನಕ ಕುಸಿದು ಮೊದಲೇ ನೊಂದ ಮೆದುಳಿಗೆ ಮತ್ತೊಂದು ಪೆಟ್ಟು. ಸೋಂಕಿಲ್ಲದೆ ಆ್ಯಂಟಿಬಯಾಟಿಕ್ ಕೊಟ್ಟರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ; ಅದರ ಫಲ ಪಕ್ಕದ ಹಾಸಿಗೆಯವರಿಗೂ ತಟ್ಟುತ್ತದೆ.

ದಿನಾ ರಕ್ತ ತೆಗೆಯುವುದು ಇದಕ್ಕೇ: ನಿನ್ನೆಯ ಅಂಕಿಯ ಪಕ್ಕದಲ್ಲಿ ಇಂದಿನದನ್ನು ಇಟ್ಟು, ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಲು. ಮನೆಯವರಿಗೆ ಇಷ್ಟನ್ನು ನೀವು ಸಮಾಧಾನದಿಂದ ವಿವರಿಸಿದರೆ, ಅದೂ ಒಂದು ಸೇವೆ.