ಮೂರು ಕಂಠಗಳ ಪುಟ್ಟ ಮೇಳ

ಮೇಜಿನ ಮೇಲೆ ಮಾಸಿದ ಕಂದುಬಣ್ಣದ ಪೆಟ್ಟಿಗೆಯೊಂದಿದೆ. ನೋಡಿದರೆ ಯಾರೋ ಟೈಪ್‌ರೈಟರಿನ ಕೀಲಿಮಣೆಯನ್ನಷ್ಟೇ ಕಿತ್ತು ತಂದಿಟ್ಟಂತಿದೆ. ಮುಚ್ಚಳ ತೆಗೆದರೆ ಒಳಗಿನ ಫಲಕದ ಮೇಲೆ, ಇಪ್ಪತ್ತೆಂಟು ಕಾಲುಗಳ ಜರಿಹುಳುವಿನಂತೆ ಕಚ್ಚಿಕೊಂಡಿರುವ ಕರಿಯ ತುಂಡೊಂದು ಕಾಣುತ್ತದೆ. ಬೆರಳಿನ ಎರಡು ಗೆಣ್ಣಿಗಿಂತ ಅದು ಉದ್ದವಿಲ್ಲ. ಬೆನ್ನ ಮೇಲೆ 6581 ಎಂಬ ಅಂಕಿ. ಇದನ್ನು ವಾದ್ಯವೆಂದು ಕರೆದರೆ ವಾಚಕರು ನಕ್ಕಾರು. ಆದರೆ ಈ ವಾದ್ಯಕ್ಕಾಗಿಯೇ ರಚಿತವಾದ 50,000ಕ್ಕೂ ಮಿಕ್ಕ ಕೃತಿಗಳನ್ನು ರಸಿಕರು ಒಂದೆಡೆ ಕೂಡಿಹಾಕಿದ್ದಾರೆ. ಇಂದಿಗೂ ಹೊಸ ಕೃತಿಗಳು ಬಂದು ಸೇರುತ್ತಲೇ ಇವೆ. ಇದಕ್ಕೆ ‘ಚಿಪ್ ಸಂಗೀತ’ವೆಂದು ಹೆಸರು.

ಈ ಪುಟ್ಟ ಗಾಯಕನನ್ನು ಸೃಷ್ಟಿಸಿದವರು ಅಮೆರಿಕದ ಪೆನ್ಸಿಲ್ವೇನಿಯದಲ್ಲಿದ್ದ ಮಾಸ್ ಟೆಕ್ನಾಲಜಿ ಎಂಬ ಕಾರ್ಖಾನೆಯ ಯುವಕ ಎಂಜಿನಿಯರ್ ರಾಬರ್ಟ್ ಯಾನಿಸ್. ವರ್ಷ 1981. ಆ ಕಾರ್ಖಾನೆಯ ಒಡೆತನ ಕಮೊಡೋರ್ ಕಂಪನಿಯದು. ಮನೆಮನೆಯಲ್ಲೂ ಇಟ್ಟುಕೊಳ್ಳಬಹುದಾದ ಅಗ್ಗದ ಕಂಪ್ಯೂಟರೊಂದನ್ನು ಮಾರುಕಟ್ಟೆಗೆ ತರುವ ಅವಸರ ಅದಕ್ಕೆ. ಆಟದ ಯಂತ್ರಗಳಲ್ಲಿ ಅಂದು ಬಳಕೆಯಲ್ಲಿದ್ದ ಧ್ವನಿಚಿಪ್ಪುಗಳನ್ನು ಸಂಗೀತದ ಗಂಧವೇ ಇಲ್ಲದವರು ರೂಪಿಸಿದ್ದಾರೆಂಬುದು ಯಾನಿಸರ ಆಕ್ಷೇಪ. ಅವರ ಮನಸ್ಸಿನಲ್ಲಿದ್ದುದು ಬರಿಯ ‘ಬೀಪ್’ ಎನ್ನುವ ವಸ್ತುವಲ್ಲ, ನಿಜವಾದ ವಾದ್ಯ. ಹೆಚ್ಚು ಕಂಠಗಳನ್ನು ಕೂಡಿಸುವ ಆಸೆಯೂ ಅವರಿಗಿತ್ತು. ಆದರೆ ಕೈಯಲ್ಲಿದ್ದುದು ಕೆಲವೇ ತಿಂಗಳು. ಕೊನೆಗೆ ಒಂದು ಕಂಠವನ್ನು ಸಾಂಗವಾಗಿ ರಚಿಸಿ, ಅದನ್ನೇ ಪಡಿಯಚ್ಚಿನಂತೆ ಮೂರು ಸಲ ಒತ್ತಿಬಿಟ್ಟರು. ‘ಸಿಡ್’ ಎಂಬ ಮುದ್ದಿನ ಹೆಸರು ಪಡೆದ ಈ ಚಿಪ್ಪಿಗೆ ಮೂರೇ ಕಂಠಗಳಿರುವುದಕ್ಕೆ ಶಾಸ್ತ್ರೋಕ್ತವಾದ ಕಾರಣವೇನೂ ಇಲ್ಲ. ವೇಳೆ ಸಾಲಲಿಲ್ಲ, ಅಷ್ಟೆ.

ಆದರೂ ಆ ಮೂರು ಕಂಠಗಳು ಸಾಮಾನ್ಯವಾದುವಲ್ಲ. ಒಂದೊಂದೂ ನಾಲ್ಕು ಬಗೆಯ ದನಿ ತೆಗೆಯಬಲ್ಲುದು: ಕೊಳಲಿನಂತೆ ಮೆತ್ತನೆಯದು, ನಾಗಸ್ವರದಂತೆ ಹರಿತವಾದುದು, ಇಷ್ಟಬಂದಂತೆ ಟೊಳ್ಳಾಗಿಸಿ ಗಟ್ಟಿಯಾಗಿಸಬಹುದಾದುದು, ಮತ್ತು ಮಳೆ ಸುರಿದಂತೆ ‘ಸೋ’ ಎನ್ನುವ ಬರಿಯ ಸದ್ದು. ವೀಣೆಯ ತಂತಿಯನ್ನು ಮೀಟಿದಾಗ ಸ್ವರ ಥಟ್ಟನೆ ಹುಟ್ಟಿ ಮೆಲ್ಲನೆ ಆರುತ್ತದೆ. ಪಿಟೀಲಿನ ಕಮಾನು ಎಳೆದಾಗ ಮೆಲ್ಲನೆ ಉಬ್ಬಿ ನಿಲ್ಲುತ್ತದೆ. ಸ್ವರದ ಹುಟ್ಟು, ಇಳಿತ, ನಿಲವು, ಅಳಿವು ಎಂಬ ಈ ನಾಲ್ಕು ಘಟ್ಟಗಳನ್ನೂ ಪ್ರತಿ ಕಂಠಕ್ಕೂ ಬೇರೆಬೇರೆಯಾಗಿ ವಿಧಿಸಬಹುದು. ಜೊತೆಗೆ, ದನಿಯ ಒಂದಂಶವನ್ನು ಸೋಸಿ ತೆಗೆಯುವ ಫಿಲ್ಟರ್ ಎಂಬ ಜರಡಿಯೂ ಉಂಟು. 1982ರ ಜನವರಿಯಲ್ಲಿ ಕಮೊಡೋರ್ 64 ಎಂಬ ಕಂಪ್ಯೂಟರನ್ನು 595 ಡಾಲರ್ ಬೆಲೆಗೆ ಪ್ರಕಟಿಸಿದಾಗ ಈ ಮೇಳವೆಲ್ಲ ಅದರ ಹೊಟ್ಟೆಯಲ್ಲೇ ಅಡಗಿತ್ತು. ಮುಂದೆ ಆ ಯಂತ್ರ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು.

ವಾದ್ಯ ಸಿದ್ಧವಾಯಿತು ಸರಿ, ನುಡಿಸುವುದು ಹೇಗೆ? ತಂತಿಯಿಲ್ಲ, ರಂಧ್ರವಿಲ್ಲ. ಇರುವುದು 29 ಪುಟ್ಟ ಕೋಶಗಳು. ಹೆಚ್ಚಿನವುಗಳಲ್ಲಿ ಅಂಕಿಗಳನ್ನು ತುಂಬುವುದೇ ವಾದನ. ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮಿಗಿಲೆನಿಸಿಕೊಂಡವರಲ್ಲಿ ಒಬ್ಬರು ಇಂಗ್ಲೆಂಡಿನ ರಾಬ್ ಹಬರ್ಡ್. ಮೊದಲು ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಅವರು ಕಂಪ್ಯೂಟರಿನ ಭಾಷೆಯನ್ನು ತಾವೇ ಕಲಿತು, ಆಟಗಳಿಗೆ ಸಂಗೀತ ಬರೆಯತೊಡಗಿದರು. 1985ರ ‘ಕಮ್ಯಾಂಡೊ’ ಎಂಬ ಆಟದ ಸಂಗೀತವನ್ನು ಕಂಪನಿಯ ಕಚೇರಿಯಲ್ಲೇ ರಾತ್ರಿಯೆಲ್ಲ ಕುಳಿತು ಬೆಳಗಾಗುವುದರೊಳಗೆ ಮುಗಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ.

ಪಾಶ್ಚಾತ್ಯ ಸಂಗೀತದಲ್ಲಿ ಕಾರ್ಡ್ ಎಂಬುದುಂಟು. ಮೂರು ನಾಲ್ಕು ಸ್ವರಗಳನ್ನು ಏಕಕಾಲದಲ್ಲಿ ನುಡಿಸುವುದು. ಅದಕ್ಕೇ ಮೂರು ಕಂಠಗಳೂ ವೆಚ್ಚವಾದರೆ ರಾಗಕ್ಕೇನು ಉಳಿಯಿತು, ತಾಳಕ್ಕೇನು ಉಳಿಯಿತು? ಬಡಕುಟುಂಬದ ಗೃಹಿಣಿಯ ಜಾಣತನವನ್ನೇ ಈ ಸಂಗೀತಗಾರರು ಇಲ್ಲಿ ತೋರಿದರು. ಒಂದೇ ಕಂಠದಿಂದ ಮೂರು ಸ್ವರಗಳನ್ನು ಒಂದಾದಮೇಲೊಂದರಂತೆ, ಸೆಕೆಂಡಿಗೆ 50 ಸಲ ಬದಲಾಯಿಸುತ್ತ ಹಾಡಿಸಿದರು. ಕೊಳ್ಳಿಯನ್ನು ರಭಸದಿಂದ ತಿರುಗಿಸಿದಾಗ ಬೆಂಕಿಯ ಚಕ್ರವೇ ಕಾಣುವುದಿಲ್ಲವೆ? ವೇದಾಂತಿಗಳ ಆ ಅಲಾತಚಕ್ರವೇ ಇಲ್ಲಿ ಕಿವಿಗೆ ಕೇಳಿಸುತ್ತದೆ. ಸ್ವರಗಳು ಪೂರ್ತಿಯಾಗಿ ಬೆರೆಯುವುದೂ ಇಲ್ಲ, ಬಿಡಿಯಾಗಿ ನಿಲ್ಲುವುದೂ ಇಲ್ಲ. ನೀರಿನ ಗುಳ್ಳೆಗಳಂತೆ ಮಿಡಿಯುತ್ತಿರುತ್ತವೆ. ಚಿಪ್ ಸಂಗೀತವನ್ನು ಒಮ್ಮೆ ಕೇಳಿದವರು ಮತ್ತೆ ಗುರುತಿಸುವುದು ಈ ಮಿಡಿತದಿಂದಲೇ. ಮೃದಂಗಿಗನ ಗತಿಯೂ ಇಷ್ಟೆ. ಮಂದ್ರಸ್ವರ ಹಿಡಿದ ಕಂಠವೇ ನಡುವೆ ಕ್ಷಣಮಾತ್ರ ‘ಸೋ’ ಸದ್ದಿಗೆ ಹಾರಿ ಪೆಟ್ಟು ಕೊಟ್ಟು, ಏನೂ ಅರಿಯದಂತೆ ಮತ್ತೆ ತನ್ನ ಸ್ವರಕ್ಕೆ ಮರಳುತ್ತದೆ. ಕೇಳುಗನಿಗೆ ಇಬ್ಬರು ನುಡಿಸಿದಂತೆ ಭಾಸ.

ಹಬರ್ಡರಂತೆ ಯಂತ್ರಭಾಷೆ ಬಲ್ಲ ಸಂಗೀತಗಾರರು ಎಷ್ಟು ಮಂದಿ ಸಿಕ್ಕಾರು? 1986ರಲ್ಲಿ ಜರ್ಮನಿಯ ‘64ಎರ್’ ಎಂಬ ಮಾಸಪತ್ರಿಕೆಯಲ್ಲಿ ಕ್ರಿಸ್ ಹ್ಯುಲ್ಸ್‌ಬೆಕ್ ಎಂಬ ಹುಡುಗ ಬರೆದ ‘ಸೌಂಡ್‌ಮಾನಿಟರ್’ ಎಂಬ ಕಾರ್ಯಕ್ರಮ ಅಚ್ಚಾಯಿತು. ಅಚ್ಚಾದುದೆಂದರೆ ಪುಟಗಟ್ಟಲೆ ಬರಿಯ ಅಂಕಿ ಅಕ್ಷರಗಳು! ಓದುಗರು ಅದನ್ನೆಲ್ಲ ತಮ್ಮ ಯಂತ್ರಕ್ಕೆ ಕೈಯಾರೆ ಬೆರಳಚ್ಚು ಮಾಡಿಕೊಂಡರು. ಪತ್ರಿಕೆಯ ಓದುಗರಿಂದ ಇಷ್ಟು ಸಹನೆಯನ್ನು ಇಂದು ಯಾವ ಸಂಪಾದಕರು ನಿರೀಕ್ಷಿಸಿಯಾರು? ಮರುವರ್ಷ ಜರ್ಮನಿಯವರೇ ಆದ ಕಾರ್ಸ್ಟೆನ್ ಒಬಾರ್ಸ್ಕಿ, ಅಮೀಗ ಎಂಬ ಮತ್ತೊಂದು ಕಂಪ್ಯೂಟರಿಗಾಗಿ ‘ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್’ ಎಂಬುದನ್ನು ಹೊರತಂದರು. ಈ ಬಗೆಯ ಉಪಕರಣಗಳಿಗೆಲ್ಲ ‘ಟ್ರ್ಯಾಕರ್’ ಎಂಬ ಹೆಸರು ಬಂದುದು ಅದರಿಂದಲೇ. ವ್ಯಾಪಾರದಲ್ಲಿ ಅದು ಸೋತಿತು. ಆದರೆ ಯಾರು ಯಾರೋ ಅದನ್ನು ಬಿಚ್ಚಿ ತಿದ್ದಿ ಹಂಚಿ ಯೂರೋಪಿನ ತುಂಬ ಹರಡಿದರು. ಕಳವೆಂದರೆ ಕಳವೇ ಸರಿ, ಆದರೆ ಹೊಸ ವಿದ್ಯೆಯೊಂದು ಊರೂರಿಗೆ ಮುಟ್ಟಿದ್ದೂ ಹಾಗೆಯೇ.

ಟ್ರ್ಯಾಕರಿನ ಪರದೆ ನೋಡಲು ಜಮಾಖರ್ಚಿನ ಪುಸ್ತಕದಂತೆ. ಪ್ರತಿ ಕಂಠಕ್ಕೊಂದು ಅಂಕಣ. ಸಾಲಿನಲ್ಲಿ ಸ್ವರದ ಹೆಸರು, ವಾದ್ಯದ ಸಂಖ್ಯೆ, ಜಾರು, ಕಂಪನಗಳಿಗೆ ಸಂಕೇತ. ಕಾಲ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಸಿಡ್ ಚಿಪ್ಪಿಗಾಗಿ ಬರೆಯುವವರು ಈಗ ಗೋಟ್‌ಟ್ರ್ಯಾಕರ್ ಮೊದಲಾದುವನ್ನು ಬಳಸಿ, ಇಂದಿನ ಕಂಪ್ಯೂಟರಿನಲ್ಲಿ ರಚಿಸಿದುದನ್ನು ಹಳೆಯ ಯಂತ್ರಕ್ಕೆ ಒಪ್ಪಿಸುತ್ತಾರೆ.

ಈ ಕತೆಯಲ್ಲಿ ಎಲ್ಲಕ್ಕಿಂತ ವಿಚಿತ್ರವಾದುದು ಚಿಪ್ಪಿನ ಒಂದು ದೋಷ. ದನಿಯ ಏರಿಳಿತಕ್ಕೆ ಅದರಲ್ಲಿ 16 ಮೆಟ್ಟಿಲುಗಳಿವೆ. ಮೆಟ್ಟಿಲು ಬದಲಾದಾಗಲೆಲ್ಲ 6581 ಸಣ್ಣದಾಗಿ ‘ಟಕ್’ ಎನ್ನುತ್ತಿತ್ತು. ಇದನ್ನು ಕೆಲವರು ಗಮನಿಸಿದರು. ಸೆಕೆಂಡಿಗೆ ಸಾವಿರಾರು ಸಲ ಮೆಟ್ಟಿಲು ಬದಲಾಯಿಸಿದರೆ ಟಕ್ಕುಗಳೇ ಸಾಲಾಗಿ, ಮುದ್ರಿಸಿಟ್ಟ ಯಾವ ಸದ್ದನ್ನಾದರೂ ನುಡಿದಾವು! ಹೀಗೆ, ಇಲ್ಲದ ನಾಲ್ಕನೆಯ ಕಂಠವೊಂದು ಹುಟ್ಟಿತು. 1987ರ ‘ಆರ್ಕನಾಯ್ಡ್’ ಆಟದಲ್ಲಿ ಮಾರ್ಟಿನ್ ಗಾಲ್ವೇ ಅದರಿಂದ ಡೋಲು ಬಾರಿಸಿದರು. ಅದೇ ವರ್ಷದ ‘ಸ್ಕೇಟ್ ಆರ್ ಡೈ’ ಆಟದಲ್ಲಿ ಹಬರ್ಡರು ಗಿಟಾರನ್ನೇ ನುಡಿಸಿದರು.

ಅಷ್ಟರಲ್ಲಿ ಕಾರ್ಖಾನೆಯವರು 8580 ಎಂಬ ಸುಧಾರಿತ ಚಿಪ್ಪನ್ನು ತಂದರು. ದೋಷ ಬಹುಮಟ್ಟಿಗೆ ಹೋಯಿತು. ಹೊಸ ಯಂತ್ರವನ್ನು ಕೊಂಡವರಿಗೆ ಆ ಡೋಲೂ ಗಿಟಾರೂ ಗೋಡೆಯಾಚೆಯ ಪಿಸುಮಾತಿನಂತೆ ಕ್ಷೀಣವಾಗಿ ಕೇಳಿಸಿದವು. ಬಲ್ಲವರು ಬೆಸುಗೆ ಹಿಡಿದು, ಚಿಪ್ಪಿನ ಕಾಲಿಗೊಂದು ರೆಸಿಸ್ಟರ್ ಅಂಟಿಸಿ ಹಳೆಯ ದೋಷವನ್ನು ಮರಳಿ ತಂದುಕೊಂಡರು. ವಾಸಿಯಾದ ಕಾಯಿಲೆಯನ್ನು ಮತ್ತೆ ಬರಿಸುವ ಇಂಥ ವೈದ್ಯ ಬೇರೆಲ್ಲಿ ಉಂಟು!

ಕಮೊಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. ಸಿಡ್ ಈಗ ತಯಾರಾಗುವುದಿಲ್ಲ. ಸ್ವೀಡನ್ನಿನ ಎಲೆಕ್ಟ್ರಾನ್ ಸಂಸ್ಥೆ 1999ರಲ್ಲಿ ಹಳೆಯ ಚಿಪ್ಪುಗಳನ್ನೇ ಬಳಸಿ ‘ಸಿಡ್‌ಸ್ಟೇಷನ್’ ಎಂಬ ವಾದ್ಯವನ್ನು ಮಾರಿತು. ಚಿಪ್ಪುಗಳ ದಾಸ್ತಾನು ತೀರಿದ ಮೇಲೆ ಅದೂ ನಿಂತಿತು. ಬೇರೆ ಚಿಪ್ಪಿನ ಬೆನ್ನುಜ್ಜಿ 6581 ಎಂದು ಬರೆದು ಮಾರುವ ಮೋಸಗಾರರೂ ಹುಟ್ಟಿಕೊಂಡಿದ್ದಾರೆ. ಸಿಡ್ಡನ್ನು ಅನುಕರಿಸುವ ಹೊಸ ಚಿಪ್ಪುಗಳು, ಕಾರ್ಯಕ್ರಮಗಳು ಚೆನ್ನಾಗಿಯೇ ಇವೆ. ತೊಡಕೆಂದರೆ, ಯಾವ 6581ನ್ನು ಅನುಕರಿಸಬೇಕು? ಅದರ ಜರಡಿ ಒಂದರಂತೆ ಇನ್ನೊಂದಿಲ್ಲ. ತನ್ನ ಮನೆಯ ಚಿಪ್ಪಿಗೆ ಕಿವಿಗೊಟ್ಟು ರಚಿಸಿದ ಕೃತಿ ಪಕ್ಕದ ಮನೆಯಲ್ಲಿ ಮಂಕಾಗಿಯೋ ಕಿರುಚಿಯೋ ಹಾಡಬಹುದು. ಸಂಗ್ರಹದಲ್ಲಿರುವ ಕಡತಗಳಲ್ಲಿ ಕೃತಿಕಾರನ ಹೆಸರಿನ ಜೊತೆಗೆ, ಅದು ಯಾವ ಚಿಪ್ಪಿಗೆ ಬರೆದದ್ದೆಂದು ಸೂಚಿಸಲೂ ಜಾಗವಿದೆ: 6581, 8580, ಎರಡೂ, ಅಥವಾ ‘ತಿಳಿಯದು’.

6581 ದುಡಿಯುವಾಗ ಬಲು ಬೇಗ ಕಾಯುತ್ತದೆ. ಅದನ್ನಿಟ್ಟುಕೊಂಡಿರುವ ಭಾಗ್ಯವಂತರು ಬೆನ್ನಿಗೊಂದು ಅಲ್ಯೂಮಿನಿಯಮ್ ತುಂಡನ್ನು ಅಂಟಿಸಿ ತಂಪಾಗಿಡುತ್ತಾರೆ. ಕೃತಿ ಮುಗಿದೊಡನೆಯೇ ಗುಂಡಿಯೊತ್ತಿ ಯಂತ್ರವನ್ನು ಆರಿಸುತ್ತಾರೆ.