ಶಾಸ್ತ್ರಲೇಖನದಲ್ಲಿ ಆಕರಗಳ ಉಲ್ಲೇಖ

ವಿಜ್ಞಾನವನ್ನು ನಮ್ಮ ಶಾಲೆಯಲ್ಲಿ ಕನ್ನಡದಲ್ಲಿಯೇ ಕಲಿತ ವಿದ್ಯಾರ್ಥಿನಿಯೊಬ್ಬಳು ಅಡಿಕೆಯ ಕೊಳೆರೋಗವನ್ನು ಕುರಿತು ತಾನು ನಡೆಸಿದ ಪರಿಶೋಧನೆಯನ್ನು ಲೇಖನರೂಪಕ್ಕೆ ತಂದು ವೈಜ್ಞಾನಿಕ ಪತ್ರಿಕೆಯೊಂದಕ್ಕೆ ಕಳುಹಿಸಿದ್ದಳು. ಎರಡು ವಾರಗಳಲ್ಲಿ ಅದು ಮರಳಿ ಬಂದಿತು. ಪ್ರಯೋಗದಲ್ಲಿ ದೋಷವಿದೆಯೆಂದು ಸಂಪಾದಕರು ಹೇಳಿರಲಿಲ್ಲ. ಪ್ರಯೋಗದವರೆಗೆ ಅವರು ಹೋಗಿಯೇ ಇರಲಿಲ್ಲ. ಕೊನೆಯಲ್ಲಿದ್ದ ಆಕರಪಟ್ಟಿಯು ಪತ್ರಿಕೆಯ ಕ್ರಮಕ್ಕೆ ಅನುಸಾರವಾಗಿಲ್ಲವೆಂದೂ, ಅದರಲ್ಲಿಯ ಎರಡು ಲೇಖನಗಳು ಹೇಳಿದ ಸ್ಥಳದಲ್ಲಿ ದೊರೆಯಲಿಲ್ಲವೆಂದೂ ಎರಡೇ ಸಾಲು ಬರೆದಿದ್ದರು. “ಅಲ್ಪವಿರಾಮ ಪೂರ್ಣವಿರಾಮಗಳಿಗಾಗಿ ಎರಡು ವರ್ಷಗಳ ದುಡಿಮೆಯನ್ನು ಹಿಂದಕ್ಕೆ ಕಳುಹಿಸುವುದು ನ್ಯಾಯವೆ?” ಎಂದು ಆಕೆ ನನ್ನನ್ನು ಕೇಳಿದಳು. ಅಂದು ಹೇಳಿದ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಈಗ ಹತ್ತನೆಯ ತರಗತಿಯಲ್ಲಿರುವ ಮಕ್ಕಳಿಗೂ ಮುಂದೊಂದು ದಿನ ಇದು ಬೇಕಾದೀತು.

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಿಂದ ಸೀತಾಂಗೋಳಿಯಲ್ಲಿ ಇಳಿದ ಅಪರಿಚಿತನೊಬ್ಬನು “ಭಟ್ಟರ ಮನೆ ಎಲ್ಲಿ?” ಎಂದು ಕೇಳಿದನೆನ್ನಿರಿ. ಯಾವ ಭಟ್ಟರು, ಮನೆಯ ಹೆಸರೇನು ಎಂದು ನಾವು ಮರಳಿ ಕೇಳದೆ ಇರಲಾರೆವು. ಶಾಸ್ತ್ರಲೇಖನದಲ್ಲಿ ಮಾಡುವ ಉಲ್ಲೇಖವೂ ಇಂತಹದೊಂದು ವಿಳಾಸವೇ ಸರಿ. ಲೇಖಕನ ಹೆಸರು, ಪ್ರಕಟವಾದ ವರ್ಷ, ಲೇಖನದ ಶಿರೋನಾಮೆ, ಪತ್ರಿಕೆಯ ಹೆಸರು, ಸಂಪುಟ, ಪುಟ ಇವಿಷ್ಟನ್ನು ಹಿಡಿದುಕೊಂಡು ಹೊರಟವನು ದಾರಿತಪ್ಪದೆ ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು. “ನಾನು ಹೇಳುವುದರಲ್ಲಿ ಸಂದೇಹವಿದ್ದರೆ ಇಲ್ಲಿಗೆ ಹೋಗಿ ನೀವೇ ನೋಡಿರಿ” ಎಂದು ಲೇಖಕನು ವಾಚಕನಿಗೆ ಕೊಡುವ ಮಾತು ಅದರಲ್ಲಿದೆ. ನಮ್ಮ ಪ್ರಾಚೀನರಲ್ಲಿ ಈ ಪದ್ಧತಿ ಅಷ್ಟಾಗಿ ಇರಲಿಲ್ಲ. ಕೇಶಿರಾಜನು ಶಬ್ದಮಣಿದರ್ಪಣದ ಆರಂಭದಲ್ಲಿ ತನಗೆ ಮಾರ್ಗದರ್ಶಕರಾದ ಕವಿಗಳ ಹೆಸರುಗಳನ್ನು ಹೇಳುತ್ತಾನೆ. ಆದರೆ ಮುಂದೆ ಉದಾಹರಿಸಿದ ಪದ್ಯಗಳು ಯಾರ ಯಾವ ಕಾವ್ಯದವೆಂಬುದನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ. ಅವುಗಳ ಮೂಲವನ್ನು ಹುಡುಕುವ ಶ್ರಮ ನಮ್ಮ ಪಂಡಿತರ ಪಾಲಿಗೆ ಬಂದಿತು.

ಕೊಳೆರೋಗದ ವಿಷಯವನ್ನೇ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ನಮ್ಮ ತೋಟಗಳಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸದ ಮನೆ ಈ ಕಡೆ ಅಪರೂಪ. ಅಡಿಕೆಯ ಈ ರೋಗವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿ ಆ ಪರಿಹಾರವನ್ನು ಪ್ರಚಾರಕ್ಕೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಸೇವೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅವರ ವರದಿ ಆ ಇಲಾಖೆಯ ಬುಲೆಟಿನ್ನಾಗಿ ೧೯೧೦ರಲ್ಲಿ ಹೊರಬಂದಿತು. ರೋಗಕಾರಕವಾದ ಜೀವಿಗೆ ಅವರು ಕೊಟ್ಟ ಹೆಸರನ್ನು ಪೆಥಿಬ್ರಿಜ್ ಎಂಬವರು ೧೯೧೩ರಲ್ಲಿ ಬದಲಿಸಿದರು. ಅಂದಿನಿಂದ ‘ಫೈಟಾಫ್ತೊರಾ ಅರೆಕೇ’ ಎಂಬುದರ ಮುಂದೆ ಕೋಲ್ಮನ್ನರ ಹೆಸರನ್ನು ಆವರಣ ಚಿಹ್ನೆಯೊಳಗೂ ಪೆಥಿಬ್ರಿಜ್ಜರದನ್ನು ಹೊರಗೂ ಬರೆಯುವುದು ರೂಢಿಯಾಯಿತು. ಮೊದಲು ವರ್ಣಿಸಿದವರು ಯಾರು, ಅನಂತರ ತಿದ್ದಿದವರು ಯಾರು ಎಂಬ ಚರಿತ್ರೆಯೆಲ್ಲ ಒಂದು ಆವರಣ ಚಿಹ್ನೆಯಲ್ಲಿ ಅಡಗಿದೆ! ಆವರಣವನ್ನು ಬಿಟ್ಟು ಬರೆದರೆ ಅದು ಅಚ್ಚಿನ ತಪ್ಪು ಮಾತ್ರವಲ್ಲ. ಹೇಳಿದ ಸಂಗತಿಯೇ ಬೇರೆಯಾಗುತ್ತದೆ.

ಉಲ್ಲೇಖಕ್ರಮಗಳಲ್ಲಿ ಮುಖ್ಯವಾದವು ಎರಡು. ಬರೆಹದ ನಡುವೆ “(ರಾಮನ್ ಮತ್ತು ಕೃಷ್ಣನ್, ೧೯೨೮)” ಎಂದು ಹೆಸರು ಮತ್ತು ವರ್ಷಗಳನ್ನು ಸೂಚಿಸಿ, ಕೊನೆಯಲ್ಲಿ ಅಕಾರಾದಿಯಾಗಿ ಪಟ್ಟಿಯನ್ನು ಕೊಡುವುದು ಒಂದು. ಇದನ್ನು ಹಾರ್ವರ್ಡ್ ಕ್ರಮವೆನ್ನುತ್ತಾರೆ. ಆ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮಾರ್ಕ್ ೧೮೮೧ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಇದನ್ನು ಬಳಸಿದ್ದರು. ಸಾಲಿನ ಮೇಲೆ ಚಿಕ್ಕ ಅಂಕೆಯನ್ನಿಟ್ಟು, ಅಂಕೆಗಳ ಅನುಕ್ರಮದಲ್ಲಿ ಪಟ್ಟಿಯನ್ನು ಕೊಡುವುದು ಇನ್ನೊಂದು. ವೈದ್ಯಪತ್ರಿಕೆಗಳ ಸಂಪಾದಕರು ೧೯೭೮ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಕೂಡಿ ಅಂಕೆಯ ಪದ್ಧತಿಯನ್ನು ಒಪ್ಪಿಕೊಂಡುದರಿಂದ ಅದಕ್ಕೆ ಆ ಊರಿನ ಹೆಸರು ಬಂದಿತು. ೧೯೩೨ರಿಂದ ಬೆಂಗಳೂರಿನಲ್ಲಿ ಪ್ರಕಟವಾಗುತ್ತಿರುವ ‘ಕರೆಂಟ್ ಸೈನ್ಸ್’ ಅಂಕೆಗಳನ್ನು ಬಯಸುತ್ತದೆ. ನಮ್ಮ ನೆರೆಯ ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯನ್ನು ನೆಲೆಯಾಗಿ ಮಾಡಿಕೊಂಡು ೧೯೭೩ರಿಂದ ಹೊರಡುತ್ತಿರುವ ‘ಜರ್ನಲ್ ಆಫ್ ಪ್ಲಾಂಟೇಶನ್ ಕ್ರಾಪ್ಸ್’ ಹೆಸರು ಮತ್ತು ವರ್ಷವನ್ನು ಬಯಸುತ್ತದೆ. ಒಂದಕ್ಕೆ ಬರೆದುದನ್ನು ಹಾಗೆಯೇ ಇನ್ನೊಂದಕ್ಕೆ ಕಳುಹಿಸಿದರೆ ಮರಳಿ ಬರದೆ ಇನ್ನೇನಾದೀತು? ಕರಡು ಬರೆಯುವಾಗ ಹೆಸರು ಮತ್ತು ವರ್ಷಗಳ ಕ್ರಮವೇ ಲೇಸೆಂದು ನನ್ನ ಅಭಿಪ್ರಾಯ. ನಡುವೆ ಒಂದು ಆಕರವನ್ನು ಸೇರಿಸಿದರೆ ಅಂಕೆಗಳೆಲ್ಲ ಪಲ್ಲಟವಾಗುತ್ತವೆ, ಹೆಸರುಗಳು ಕದಲುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ತೊಡಕು ಹೆಸರುಗಳದು. ಪಾಶ್ಚಾತ್ಯ ಕ್ರಮದಲ್ಲಿ ಹೆಸರಿನ ಕೊನೆಯ ಪದವು ಕುಲನಾಮ. ಪಟ್ಟಿಯಲ್ಲಿ ಅದೇ ಮೊದಲು ಬರುತ್ತದೆ. ನಮ್ಮಲ್ಲಿ ಮನೆಯ ಹೆಸರು, ಊರಿನ ಹೆಸರು, ತಂದೆಯ ಹೆಸರು ಇವು ಮುಂದಿನ ಅಕ್ಷರಗಳಾಗಿ ನಿಲ್ಲುತ್ತವೆ. ಸಿ. ವಿ. ರಾಮನ್ನರಿಗೆ ರಾಮನ್ ಎಂಬುದು ಕುಲನಾಮವಲ್ಲ, ಅವರದೇ ಹೆಸರು. ಚಂದ್ರಶೇಖರ ಎಂಬುದು ತಂದೆಯವರದು. ಆದರೂ ‘ನೇಚರ್’ ಪತ್ರಿಕೆಯ ೧೨೧ನೆಯ ಸಂಪುಟದ ೫೦೧ನೆಯ ಪುಟದಲ್ಲಿರುವ ಆ ೧೯೨೮ರ ಲೇಖನ ಪ್ರಪಂಚದ ಎಲ್ಲ ಪಟ್ಟಿಗಳಲ್ಲಿಯೂ “ರಾಮನ್, ಸಿ. ವಿ.” ಎಂದೇ ನಿಂತಿದೆ, ತೊಂದರೆಯಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ವಿಷಯದಲ್ಲಾದರೋ ಹಾಗಲ್ಲ. ಕನ್ನಡದ ಪಟ್ಟಿಯಲ್ಲಿ ಅವರು ‘ಗ’ಕಾರದಲ್ಲಿದ್ದರೆ ಇಂಗ್ಲಿಷ್ ಕ್ರಮದ ಪಟ್ಟಿಯಲ್ಲಿ “ಪೈ, ಎಂ. ಗೋವಿಂದ” ಎಂದು ಬೇರೊಂದು ಕಡೆ ಸಿಕ್ಕುತ್ತಾರೆ. ಮಹಾಪುರುಷರಾದುದರಿಂದ ಗುರುತು ಸಿಕ್ಕೀತು. ಆದರೆ ನಮ್ಮ ಜಿಲ್ಲೆಯಿಂದ ಹೊರಟ ಭಟ್, ರೈ, ಶೆಟ್ಟಿ, ನಾಯಕರ ಗತಿಯೇನು? ಒಂದು ಲೇಖನದಲ್ಲಿ ಕೇವಲ ಅಕ್ಷರಗಳು, ಇನ್ನೊಂದರಲ್ಲಿ ಪೂರ್ಣ ಹೆಸರು, ಮೂರನೆಯದರಲ್ಲಿ ಊರಿನ ಹೆಸರೂ ಸೇರಿದರೆ ಒಬ್ಬರೇ ಮೂವರಾಗಿ, ಮಾಡಿದ ಕೆಲಸ ಹಂಚಿಹೋಗುತ್ತದೆ. ಆದುದರಿಂದ ಮೊದಲ ಲೇಖನದಲ್ಲಿಯೇ ಹೆಸರಿನ ಒಂದು ರೂಪವನ್ನು ನಿಶ್ಚಯಿಸಿ ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಬೇಕು. ೨೦೧೨ರಿಂದ ಆರ್ಕಿಡ್ ಎಂಬ ಹದಿನಾರು ಅಂಕೆಗಳ ಗುರುತುಸಂಖ್ಯೆಯೂ ಉಚಿತವಾಗಿ ದೊರೆಯುತ್ತಿದೆ. ಅನ್ಯರ ಹೆಸರನ್ನು ಬರೆಯುವಾಗ ಅವರು ಬರೆದುಕೊಂಡಂತೆಯೇ ಬರೆಯುವುದು ಧರ್ಮ.

ಇನ್ನು ಆ ಸಿಕ್ಕದ ಎರಡು ಲೇಖನಗಳ ಮಾತು. ಅನ್ಯರ ಪಟ್ಟಿಯಿಂದ ನೇರವಾಗಿ ನಕಲುಮಾಡುವುದರಿಂದ ಹೀಗಾಗುವುದುಂಟು. ಪ್ರಸಿದ್ಧವಾದ ಒಂದು ಭೌತಶಾಸ್ತ್ರ ಲೇಖನವನ್ನು ಉಲ್ಲೇಖಿಸಿದ ಸುಮಾರು ೪೩೦೦ ಪಟ್ಟಿಗಳನ್ನು ಅಮೆರಿಕದ ಸಿಮ್ಕಿನ್ ಮತ್ತು ರಾಯ್ ಚೌಧುರಿ ಪರಿಶೀಲಿಸಿ ೨೦೦೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೧೯೬ರಲ್ಲಿ ತಪ್ಪುಗಳಿದ್ದುವು, ಆದರೆ ಬೇರೆ ಬೇರೆ ಬಗೆಯ ತಪ್ಪುಗಳು ೪೫ ಮಾತ್ರ. ಒಂದೇ ತಪ್ಪು ೭೮ ಕಡೆ ಮರುಕಳಿಸಿತ್ತು! ಮೂಲವನ್ನು ಓದಿ ಉಲ್ಲೇಖಿಸುವವರು ಐದರಲ್ಲಿ ಒಬ್ಬರಷ್ಟೆ ಎಂದು ಅವರು ಅಂದಾಜುಮಾಡಿದರು. ಇನ್ನೊಂದು ಸಂಗತಿ ನಗೆಗೆ ಈಡಾಗುವಂತಹದು. ಪ್ರಕಾಶನಸಂಸ್ಥೆಯೊಂದು ಪಟ್ಟಿಯ ಮಾದರಿಯನ್ನು ತೋರಿಸುವುದಕ್ಕಾಗಿ ವಾನ್ ಡರ್ ಗೀರ್ ಮೊದಲಾದವರ ಹೆಸರಿನಲ್ಲಿ ಇಲ್ಲದ ಲೇಖನವೊಂದನ್ನು ಕಲ್ಪಿಸಿ ತನ್ನ ಸೂಚನೆಗಳಲ್ಲಿ ಅಚ್ಚುಹಾಕಿತ್ತು. ಅದನ್ನೇ ನಿಜವೆಂಬಂತೆ ಸುಮಾರು ೪೦೦ ಲೇಖನಗಳು ಉಲ್ಲೇಖಿಸಿದುದು ೨೦೧೭ರಲ್ಲಿ ಬೆಳಕಿಗೆ ಬಂದಿತು. ಈಗಲಂತೂ ಕೇಳಿದ ಪ್ರಶ್ನೆಗೆ ಉತ್ತರ ಬರೆದುಕೊಡುವ ಯಂತ್ರಗಳು ಲೇಖಕರು, ಸಂಪುಟ, ಪುಟ ಎಲ್ಲವನ್ನೂ ಒಪ್ಪವಾಗಿ ಜೋಡಿಸಿ ಎಲ್ಲಿಯೂ ಇಲ್ಲದ ಲೇಖನಗಳನ್ನು ಸೃಷ್ಟಿಸಬಲ್ಲವು. ಪಟ್ಟಿಯನ್ನು ಕ್ರಮಗೊಳಿಸುವ ಜೊಟೆರೊ ಮುಂತಾದ ಸಾಧನಗಳು ಉಪಕಾರಿಗಳೇನೋ ಹೌದು. ಆದರೆ ಕೊಟ್ಟ ತಪ್ಪನ್ನು ಅವು ಅಂದವಾಗಿ ಜೋಡಿಸಿಕೊಡುತ್ತವೆಯೇ ಹೊರತು ತಿದ್ದುವುದಿಲ್ಲ.

ಓದಿದ ದಿನವೇ ವಿವರಗಳನ್ನೆಲ್ಲ ಮೂಲದಿಂದ ಒಂದು ಚೀಟಿಯಲ್ಲಿ ಬರೆದಿಡುವುದಕ್ಕಿಂತ ಉತ್ತಮವಾದ ಉಪಾಯ ನನಗೆ ತಿಳಿಯದು. ಮೂಲ ಸಿಕ್ಕದೆ ಹೋದರೆ, ಕೋಲ್ಮನ್ನರ ಮಾತನ್ನು ಇಂಥವರ ಗ್ರಂಥದಲ್ಲಿ ಕಂಡೆನೆಂದು ಸತ್ಯವನ್ನೇ ಹೇಳಬಹುದು, ಅದರಲ್ಲಿ ಅವಮಾನವಿಲ್ಲ. ಲೇಖನಕ್ಕೆ ಡಿಓಐ ಎಂಬ ಸ್ಥಿರಸಂಖ್ಯೆ ಇದ್ದರೆ ಅದನ್ನೂ ಕೊಡಬೇಕು. ಪತ್ರಿಕೆಯ ಜಾಲತಾಣದ ವಿಳಾಸ ಬದಲಾದರೂ ಆ ಸಂಖ್ಯೆ ಬದಲಾಗದು.

ನಮ್ಮ ವಿದ್ಯಾರ್ಥಿನಿಯು ಮತ್ತೆ ಹುಡುಕಲು ಕುಳಿತಳು. ಎರಡರಲ್ಲಿ ಒಂದರ ಸಂಪುಟಸಂಖ್ಯೆಯಲ್ಲಿ ಅಂಕೆಗಳು ಹಿಂದುಮುಂದಾಗಿದ್ದುವು. ತಿದ್ದಿದೊಡನೆ ಲೇಖನ ಸಿಕ್ಕಿತು. ಇನ್ನೊಂದು ಎಲ್ಲಿಯೂ ಸಿಕ್ಕಲಿಲ್ಲ. ಅದನ್ನು ಆಧಾರವಾಗಿ ಹಿಡಿದು ಬರೆದಿದ್ದ ಅರ್ಧ ಪುಟವನ್ನು ಆಕೆ ಹೊಡೆದುಹಾಕಿ, ಉಳಿದುದನ್ನು ಪತ್ರಿಕೆಗೆ ಮರಳಿ ಕಳುಹಿಸಿದಳು.