ಕನ್ನಡಿಯೊಳಗಿನ ಗಂಟಿಗೊಂದು ಲೆಕ್ಕ

ಊರಿನಲ್ಲಿ ದೀಪಾವಳಿ ಬಂತೆಂದರೆ ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುವುದನ್ನು ನೋಡಿ ಬೆಳೆದವರು ನಾವು. ಹೊಸ ಪುಸ್ತಕ ತೆರೆಯುವ ಮುನ್ನ ಹಳೆಯದರ ಲೆಕ್ಕ ಮುಗಿಸಬೇಕು. ಅಮೆರಿಕದಲ್ಲಿ ನೆಲೆಸಿದ ನಮ್ಮವರಲ್ಲಿ ಷೇರು ಕೊಂಡವರು ಬಹಳ, ಅದರ ಲೆಕ್ಕ ನೆಟ್ಟಗೆ ಇಟ್ಟವರು ಕಡಿಮೆ. ನಾನಂತೂ ಇಟ್ಟಿರಲಿಲ್ಲ.

ಪಾಟ್‌ಲಕ್ ಊಟಗಳಲ್ಲಿ ಷೇರಿನ ಮಾತು ಬಂದಾಗ ಏರಿದ್ದನ್ನಷ್ಟೇ ಹೇಳುತ್ತಿದ್ದೆ. ಇಳಿದದ್ದೊಂದಿತ್ತು. ಮಗಳ ಕಾಲೇಜಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಕಂಪನಿಯ 1,000 ಷೇರುಗಳನ್ನು ತಲಾ 40 ಡಾಲರಿಗೆ ಕೊಂಡಿದ್ದೆ. ಅದು 10ಕ್ಕೆ ಕುಸಿದಾಗ 'ಅಗ್ಗವಾಯಿತು' ಎಂದು ಮತ್ತೆ 500 ಕೊಂಡೆ. ಕಾದರೆ ಬಂದೇ ಬರುತ್ತದೆ ಎಂಬ ಧೈರ್ಯ. ಮನೆಯಾಕೆಗೆ ಮಾತ್ರ ಪೂರ್ತಿ ಹೇಳಿರಲಿಲ್ಲ.

ಕಳೆದ ಚಳಿಗಾಲದ ರಜೆಯಲ್ಲಿ, ಶಾಲೆಯಲ್ಲಿ ಪೈಥಾನ್ ಕಲಿಯುತ್ತಿದ್ದ ಮಗಳು "ಅಪ್ಪಾ, ಏನಾದರೂ ಆ್ಯಪ್ ಮಾಡೋಣ" ಎಂದು ಗಂಟುಬಿದ್ದಳು. ಷೇರಿನ ಲಾಭ ನಷ್ಟ ತೋರಿಸುವ ಆ್ಯಪ್ ಮಾಡೋಣವೆಂದೆ. ಉಚಿತವಾಗಿ ಸಿಗುವ ಸ್ಟ್ರೀಮ್‌ಲಿಟ್, ಪ್ಲಾಟ್ಲಿ ಎಂಬ ಸಲಕರಣೆಗಳಿದ್ದರೆ ಕೆಲಸ ಅಷ್ಟೇನೂ ಕಷ್ಟವಲ್ಲ. ಕೊಂಡ ದಿನ, ಸಂಖ್ಯೆ, ಬೆಲೆ, ದಲ್ಲಾಳಿ ಶುಲ್ಕ, ಹೀಗೆ ಪ್ರತಿ ವ್ಯವಹಾರಕ್ಕೂ ಒಂದು ಸಾಲು. ಹಾಕಿದ ಒಟ್ಟು ಹಣವನ್ನು ಷೇರಿನ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಬೆಲೆ. ಇಂದಿನ ಮೌಲ್ಯದಿಂದ ಹಾಕಿದ್ದನ್ನು ಕಳೆದರೆ ಲಾಭ ಅಥವಾ ನಷ್ಟ. ಸೊನ್ನೆಯ ಗೆರೆಯ ಮೇಲೆ ನೀಲಿ ಕಂಬ, ಕೆಳಗೆ ಕೆಂಪು ಕಂಬ. ಬೆರಳಿನಿಂದ ಸ್ಲೈಡರ್ ಎಳೆದು ಬೆಲೆ ಬದಲಿಸಿದರೆ ಕಂಬವೂ ಏರಿಳಿಯುತ್ತದೆ.

ಮೊದಲ ದಿನವೇ ಎಡವಟ್ಟಾಯಿತು. ಎನ್‌ವಿಡಿಯಾ ಷೇರಿನಲ್ಲಿ ಭಾರೀ ನಷ್ಟವೆಂದು ಆ್ಯಪ್ ತೋರಿಸಿತು! ಎದೆ ಧಸಕ್ಕೆಂದಿತು. 2024ರ ಜೂನ್‌ನಲ್ಲಿ ಆ ಕಂಪನಿ ಒಂದು ಷೇರನ್ನು ಹತ್ತಾಗಿ ಒಡೆದಿತ್ತು. ನಾವು ಬರೆದ ಸಂಖ್ಯೆ ಹಳೆಯದು, ಬೆಲೆ ಹೊಸದು. ಊರಿನಿಂದ ತಂದ ಇನ್ಫೋಸಿಸ್ ಷೇರಿನದೂ ಅದೇ ಕಥೆ. 2014, 2015 ಮತ್ತು 2018ರಲ್ಲಿ ಒಂದಕ್ಕೊಂದು ಬೋನಸ್ ಬಂದು, ಮೊದಲಿನ ಒಂದು ಷೇರು ಎಂಟಾಗಿದೆ. ಇದಕ್ಕೆಲ್ಲ ಬೇರೆ ಅಂಕಣ ಹಾಕಿದೆವು. ರೂಪಾಯಿಗೂ ಒಂದು ಅಂಕಣ ಬೇಕಾಯಿತು. 2007ರ ಕೊನೆಗೆ ಡಾಲರಿಗೆ ಸುಮಾರು 40 ರೂಪಾಯಿ ಇತ್ತು, 2022ರಲ್ಲಿ 80 ದಾಟಿತು. ಆ ಅವಧಿಯಲ್ಲಿ ರೂಪಾಯಿ ಲೆಕ್ಕದಲ್ಲಿ ದುಪ್ಪಟ್ಟಾದ ಷೇರು ಡಾಲರ್ ಲೆಕ್ಕದಲ್ಲಿ ಇದ್ದಲ್ಲೇ ಇದೆ!

ಕೊನೆಗೆ ನನ್ನ ಗುಟ್ಟಿನ ಷೇರಿನ ಸರದಿ. ಹಾಕಿದ್ದು 45,000 ಡಾಲರ್, ಸರಾಸರಿ 30. ಅಂದಿನ ಬೆಲೆ 12, ಅಂದರೆ ಉಳಿದದ್ದು 18,000. ಕೆಂಪು ಕಂಬ ಪರದೆಯ ತಳ ಮುಟ್ಟಿತು. ಕಾಫಿ ತಂದ ಮನೆಯಾಕೆ ಅಲ್ಲೇ ನಿಂತಳು. "ಏರುತ್ತೆ ಬಿಡು" ಎನ್ನುತ್ತ ಸ್ಲೈಡರ್ ಎಳೆದೆ. 15, 20, 25... ಕಂಬ ಕೆಂಪಗೇ ಇತ್ತು. ಶೇ. 60 ಇಳಿದದ್ದು ಮೊದಲಿನ ಜಾಗಕ್ಕೆ ಬರಲು ಶೇ. 150 ಏರಬೇಕು. ಮಗಳು ವರ್ಷಗಳ ಸ್ಲೈಡರ್ ಸೇರಿಸಿದಳು. ವರ್ಷಕ್ಕೆ ಶೇ. 8ರಂತೆ ಏರಿದರೂ ಸುಮಾರು 12 ವರ್ಷ. ಅವಳು ಕಾಲೇಜಿಗೆ ಹೋಗುವುದು ಮೂರು ವರ್ಷಕ್ಕೆ. ಯಾರೂ ಮಾತಾಡಲಿಲ್ಲ.

ಕಾಯುವುದಕ್ಕೂ ಒಂದು ಮಿತಿಯಿದೆ. 2000ದ ಮಾರ್ಚ್‌ನಲ್ಲಿ 5,048ಕ್ಕೆ ಏರಿದ್ದ ನಾಸ್ಡಾಕ್ ಸೂಚ್ಯಂಕ ಕುಸಿದು, ಆ ಮಟ್ಟವನ್ನು ಮತ್ತೆ ಮುಟ್ಟಿದ್ದು 2015ರಲ್ಲಿ. ಅದು ಇಡೀ ಸೂಚ್ಯಂಕದ ಮಾತು. ಅದರೊಳಗಿನ ಎಷ್ಟೋ ಕಂಪನಿಗಳು ಮೇಲೇಳಲೇ ಇಲ್ಲ. ಗೆದ್ದ ಷೇರನ್ನು ಬೇಗ ಮಾರಿ ಸೋತದ್ದನ್ನು ಅಪ್ಪಿಕೊಂಡು ಕೂರುವ ನಮ್ಮ ಸ್ವಭಾವದ ಬಗ್ಗೆ ಶೆಫ್ರಿನ್ ಮತ್ತು ಸ್ಟ್ಯಾಟ್‌ಮನ್ ಎಂಬ ವಿದ್ವಾಂಸರು 1985ರಲ್ಲೇ ಬರೆದಿದ್ದಾರೆ. ನಾವು ಎಷ್ಟಕ್ಕೆ ಕೊಂಡೆವೆಂಬುದು ಮಾರುಕಟ್ಟೆಗೆ ಗೊತ್ತೇ ಇಲ್ಲ, ಅದು ನೆನಪಿರುವುದು ನಮಗೆ ಮಾತ್ರ.

ಮನೆಯಾಕೆ ಬೈಯಲಿಲ್ಲ. "ಈ 18,000 ಇವತ್ತು ಕೈಯಲ್ಲಿದ್ದಿದ್ದರೆ ಇದೇ ಷೇರು ಕೊಳ್ತಿದ್ರಾ?" ಎಂದಳು.

"ಇಲ್ಲ" ಎಂದೆ.

ಸೋಮವಾರ ಮಾರಿದೆ. ಇಲ್ಲಿನ ತೆರಿಗೆ ನಿಯಮದಂತೆ ಇಂಥ ನಷ್ಟವನ್ನು ಬೇರೆ ಷೇರಿನ ಲಾಭದಲ್ಲಿ ಕಳೆಯಬಹುದು. ಉಳಿದರೆ ವರ್ಷಕ್ಕೆ 3,000 ಡಾಲರಿನವರೆಗೆ ಇತರ ಆದಾಯದಲ್ಲಿ ಕಳೆದು, ಮಿಕ್ಕದ್ದನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು. ಮಾರುವ ಹಿಂದುಮುಂದಿನ 30 ದಿನಗಳಲ್ಲಿ ಅದೇ ಷೇರು ಕೊಂಡರೆ ಮಾತ್ರ ಆ ವಿನಾಯಿತಿ ಆಗ ಸಿಗದು. ಬಂದ ಹಣ ಮಗಳ ಹೆಸರಿನಲ್ಲಿ ಬ್ಯಾಂಕಿನ ಠೇವಣಿ ಸೇರಿತು. ಕಾಲೇಜಿನ ಖರ್ಚಿಗೆ ಅದು ಸಾಲದು. ಉಳಿದದ್ದನ್ನು ಹೇಗೆ ಹೊಂದಿಸುವುದೆಂದು ಈಗ ಮೂವರೂ ಕೂತು ಯೋಚಿಸುತ್ತೇವೆ.

ಮಾರದ ಲಾಭ ಕನ್ನಡಿಯೊಳಗಿನ ಗಂಟು ಎಂಬುದು ನನಗೆ ಗೊತ್ತಿತ್ತು. ಮಾರದ ನಷ್ಟ ನಷ್ಟವೇ ಅಲ್ಲವೆಂದು ಅಷ್ಟು ವರ್ಷ ನಂಬಿದ್ದೆ, ಅದೇ ತಪ್ಪು. ಓದುಗರೇ, ಆ್ಯಪ್ ಮಾಡಲಾಗದಿದ್ದರೆ ಬೇಡ, ಒಂದು ಹಾಳೆ ಸಾಕು. ಈ ದೀಪಾವಳಿಗೆ ಮನೆಯವರನ್ನೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಲೆಕ್ಕ ಒಮ್ಮೆ ಬರೆದು ನೋಡಿ. ಲಕ್ಷ್ಮೀಪೂಜೆ ಆಮೇಲೆ ಮಾಡೋಣ. ಎಲ್ಲರಿಗೂ ಹಬ್ಬದ ಶುಭಾಶಯಗಳು!